ಕಾಕುವಿನ ಹೆಡ್‌ಫೋನ್ ಪರೀಕ್ಷೆ

ನಮ್ಮ ಕಾಕು, ಎಂದರೆ ಚಿಕ್ಕಪ್ಪನ ಹೆಂಡತಿ, ಬೆಳಿಗ್ಗೆ ಎದ್ದು ಸೂರ್ಯನನ್ನು ನೋಡಿದರೂ, ಇವನು ಒರಿಜಿನಲ್ ಹೌದೋ ಅಲ್ಲವೋ ಎಂದು ಒಂದು ಗಳಿಗೆ ಅನುಮಾನಿಸುತ್ತಾಳೆ. ನಂಬಿಕೆ ಬರದಿದ್ದರೆ ನೀವೇ ದಾಂಡೇಲಿಗೆ ಬಂದು ನೋಡಿ. ಆದರೆ ನಾನು ಕಳಿಸಿದೆ ಎಂದು ಮಾತ್ರ ಹೇಳಬೇಡಿ. "ಅಕಿ ಯಾಕ ಕಳಿಸಿದ್ಲು?" ಎಂದು ಹೊಸ್ತಿಲಲ್ಲೇ ನಿಲ್ಲಿಸಿ ನಿಮ್ಮ ವಿಚಾರಣೆ ಶುರು ಮಾಡುತ್ತಾಳೆ!

ಅವಳ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಬಗೆಯ ಸಾಮಾನುಗಳಿವೆ. ಡುಪ್ಲಿಕೇಟ್ ಎಂದು ಸಿಕ್ಕಿಬಿದ್ದವು, ಇನ್ನೂ ಸಿಕ್ಕಿಬೀಳದವು. ಕೊಡೆ ಕೊಳ್ಳಲು ಹೋದರೆ ಅಂಗಡಿಯವನನ್ನೇ ಅದರ ಕೆಳಗೆ ನಿಲ್ಲಿಸಿ ಮೇಲಿನಿಂದ ಒಂದು ತಂಬಿಗೆ ನೀರು ಸುರಿಯುತ್ತಾಳೆ. ಬೆಂಕಿಪೊಟ್ಟಣ ಕೊಂಡರೆ ಅಲ್ಲೇ ನಾಲ್ಕು ಕಡ್ಡಿ ಗೀರಿ ನೋಡಿ, ಆಮೇಲೆ "ಇದರಾಗ ಕಡ್ಡಿ ಕಡಿಮಿ ಅದಾವ" ಎಂದು ಬೇರೆ ಪೊಟ್ಟಣ ಕೇಳುತ್ತಾಳೆ. ಹಾಲಿನವನು ನಮ್ಮ ಓಣಿಗೆ ಬಂದರೆ ಮೊದಲು ದೇವರಿಗೆ ಕೈಮುಗಿದು ಆಮೇಲೆ ಅವಳ ಬಾಗಿಲು ಬಡಿಯುತ್ತಾನೆ.

ಇಂಥವಳು ಜೀವಮಾನದಲ್ಲಿ ಒಂದೇ ಒಂದು ಮಾಲನ್ನು ಪೂರ್ತಿ ಪರೀಕ್ಷೆ ಮಾಡದೆ ಒಪ್ಪಿಕೊಂಡಳು. ಅದು ನಮ್ಮ ಕಾಕಾ! ಪರೀಕ್ಷೆಯೇ ನಡೆಯಲಿಲ್ಲವೆಂದಲ್ಲ. ಹೆಣ್ಣು ನೋಡಲು ಬಂದ ಹುಡುಗ ತಲೆ ತಗ್ಗಿಸಿ ಕೂತಿದ್ದರಿಂದ ಮೂಕನಿರಬಹುದೆಂದು ಸಂಶಯ ಬಂದು, ಅವಲಕ್ಕಿಯ ತಟ್ಟೆ ಕೊಡುವಾಗ "ಟೈಮ್ ಎಷ್ಟಾತ್ರಿ?" ಎಂದು ಕೇಳಿದಳಂತೆ. ಹುಡುಗ ಗಡಿಯಾರ ನೋಡಿ ಹೇಳಿದ. ಬಾಯಿ, ಕಿವಿ, ಕಣ್ಣು ಮೂರೂ ಒಂದೇ ಏಟಿಗೆ ಪಾಸು!

"ಎಲ್ಲಾ ನೋಡಿದ್ನಿ. ಮಲಗಿಸಿ ಒಂದ ನೋಡ್ಲಿಲ್ಲ. ಅಲ್ಲೇ ಮೋಸಾ ಹೋದ್ನಿ ನೋಡವಾ" ಎಂದು ಅವಳು ಇವತ್ತಿಗೂ ಹೇಳುತ್ತಾಳೆ.

ಯಾಕೆಂದರೆ ಕಾಕಾ ಗೊರಕೆ ಹೊಡೆಯುತ್ತಿದ್ದರು. ಹೊಡೆಯುತ್ತಿದ್ದರು ಎಂದರೆ ಸಾಲದು, ಬಡಿಯುತ್ತಿದ್ದರು! ಊರಿನ ಕಾಗದದ ಕಾರ್ಖಾನೆಯಲ್ಲಿ ಅವರಿಗೆ ಪಾಳಿಯ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮಲಗಿದರೆಂದರೆ ಕಿಟಕಿಯ ಮೇಲಿನ ಕಾಗೆ ಎದ್ದು ಹೋಗಿ ಪಕ್ಕದ ಮನೆಯ ಕಿಟಕಿಯಲ್ಲಿ ಕೂಡುತ್ತಿತ್ತು. ಆದರೆ ಕಾಕಾ ಒಪ್ಪಬೇಕಲ್ಲ? "ನಾನಾ? ಗೊರಕೀನಾ? ಕನಸ ಕಂಡೀ ನೀ!" ಎಂದುಬಿಡುತ್ತಿದ್ದರು. ಕಾಕು ಬಿಡುವವಳೇ? ಒಂದು ಮಧ್ಯಾಹ್ನ ಪಕ್ಕದ ಮನೆಯವರ ಟೇಪ್‌ರೆಕಾರ್ಡರ್ ಕಡ ತಂದು, ಗಂಡನ ತಲೆಯ ಹತ್ತಿರ ಇಟ್ಟು, ಪೂರ್ತಿ ಒಂದು ಕ್ಯಾಸೆಟ್ ತುಂಬ ಸಾಕ್ಷಿ ಹಿಡಿದಳು. ಸಂಜೆ ನಾಲ್ಕು ಮಂದಿ ಹಿರಿಯರ ಮುಂದೆ ಅದನ್ನು ಹಾಕಿದ್ದಾಯಿತು. ಕಾಕಾ ಗಂಭೀರವಾಗಿ ಕೇಳಿ, "ಇದು ನಮ್ಮ ಕಾರ್ಖಾನೀಗೆ ಬರೂ ಬಿದಿರಿನ ಲಾರಿ. ಗೇಟಿನ ಹತ್ರ ಗೇರ್ ಬದಲಸಾಕತ್ತೈತಿ" ಎಂದು ತೀರ್ಪು ಕೊಟ್ಟು ಎದ್ದು ಹೋದರು!

ನನಗೆ ಹಳಿಯಾಳದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕು, ನಾನು ಅವರ ಮನೆಯಲ್ಲಿ ಉಳಿದುಕೊಳ್ಳಲು ಬರುವ ಹೊತ್ತಿಗೆ ಈ ಖಟ್ಲೆ ಮುಗಿದುಹೋಗಿತ್ತು. ಕಾಕಾ ನಿವೃತ್ತರಾದ ಮೇಲೆ ಕಾಕು ಹಟ ಹಿಡಿದು ಅವರನ್ನು ಹುಬ್ಬಳ್ಳಿಗೆ ಎಳೆದೊಯ್ದು ಮೂಗಿನ ಆಪರೇಶನ್ ಮಾಡಿಸಿದ್ದಳು. ಒಳಗೆ ಬೆಳೆದದ್ದೇನನ್ನೋ ಡಾಕ್ಟರು ತೆಗೆದುಹಾಕಿದರಂತೆ. ಗೊರಕೆ ಸಂಪೂರ್ಣ ಬಂದ್! ಕಾಗೆ ತಿರುಗಿ ಬಂದು ನಮ್ಮ ಕಿಟಕಿಯಲ್ಲಿ ಕೂತಿತು. ಓಣಿಯ ಹೆಂಗಸರೆಲ್ಲ ಬಂದು ಕಾಕುವಿಗೆ ಅಭಿನಂದನೆ ಹೇಳಿ ಚಹಾ ಕುಡಿದು ಹೋದರು.

ಆದರೆ ಅಂದಿನಿಂದ ಕಾಕುವಿನ ನಿದ್ದೆ ಹಾರಿಹೋಯಿತು. ಕಣ್ಣು ಕೆಂಪಾದವು, ಸಾರಿಗೆ ಉಪ್ಪು ಎರಡು ಸಲ ಬೀಳತೊಡಗಿತು. ಕಾಕಾ ಸದ್ದಿಲ್ಲದೆ ಮಲಗಿದರೆ ಅವಳಿಗೆ ಸಂಶಯ. ಮೆಲ್ಲಗೆ ಎದ್ದು ಅವರ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತಿದ್ದಳು. "ಸತ್ತಿಲ್ಲೇ, ಅದೀನಿ!" ಎಂದು ಕಾಕಾ ಕೂಗಿ ಮಗ್ಗುಲಾಗುತ್ತಿದ್ದರು. ಆಪರೇಶನ್‌ಗೆ ದುಂಬಾಲು ಬಿದ್ದವಳು ತಾನೇ ಆದ್ದರಿಂದ ಅವಳು ಯಾರ ಮುಂದೆ ಬಾಯಿ ಬಿಡಬೇಕು? ಸೊರಗಿ ಅರ್ಧವಾದಳು. ನನಗೆ ನಿಜವಾಗಿಯೂ ಭಯವಾಗತೊಡಗಿತು.

ಆಗ ಒಂದು ದಿನ ನನ್ನ ಹಳೆಯ ವಾಕ್‌ಮನ್ ಕೇಳಿದಳು. "ಭಜನಿ ಕೇಳ್ತೇನವಾ. ಮನಸ್ಸಿಗೆ ಸಮಾಧಾನ ಆಗ್ತೈತಿ." ಕೊಟ್ಟೆ. ಹೆಡ್‌ಫೋನಿನ ಪಟ್ಟಿ ಎಷ್ಟು ಗಟ್ಟಿಯಿದೆ ಎಂದು ಎಳೆದು ನೋಡಿದಳು. ಪರೀಕ್ಷೆಯ ಫಲಿತಾಂಶ ಎರಡು ತುಂಡಾಗಿ ಅವಳ ಕೈಯಲ್ಲಿತ್ತು!

ಹೀಗೆ ನಮ್ಮ ಹೆಡ್‌ಫೋನ್ ಯಾತ್ರೆ ಆರಂಭವಾಯಿತು. ಅಗ್ಗವಾಗಿರಬೇಕು, ಧ್ವನಿ ಒಳ್ಳೆಯದಿರಬೇಕು, ಕಿವಿ ನೋಯಬಾರದು. ಇಷ್ಟೇ ಆಗಿದ್ದರೆ ನನ್ನ ರವಿವಾರಗಳು ಹಾಳಾಗುತ್ತಿರಲಿಲ್ಲ. ದಾಂಡೇಲಿಯ ಪೇಟೆಯ ಮೊದಲ ಅಂಗಡಿಯಲ್ಲೇ ಕಾಕು ಸೊಂಟದ ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ ಒಂದು ಕ್ಯಾಸೆಟ್ ತೆಗೆದು, ವಾಕ್‌ಮನ್ನಿಗೆ ಹಾಕಿ, ಹೆಡ್‌ಫೋನ್ ಕಿವಿಗೇರಿಸಿ, ಗಿರಾಕಿಗಳನ್ನೆಲ್ಲ ಎಬ್ಬಿಸಿ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿಬಿಟ್ಟಳು! ಅಂಗಡಿಯವನು ಗಾಬರಿಯಾಗಿ ನೀರು ತರಿಸಿದ.

"ಏನಾಗಿಲ್ಲೋ ನನಗ. ಹೆಡ್‌ಫೋನ್ ನೋಡಾಕತ್ತೇನಿ."

"ಮಲಕೊಂಡ್ ನೋಡ್ತಾರೇನ್ರಿ ಯಾರರ?"

"ಚಪ್ಪಲ್ ತಗೊಂಡ್ರ ನಡದ ನೋಡೂದಿಲ್ಲೇನು? ಹಂಗ ಇದು."

ಆ ಹೆಡ್‌ಫೋನು ಫೇಲಾಯಿತು. ಕಿವಿಯ ಹತ್ತಿರದ ಪ್ಲಾಸ್ಟಿಕ್ ಉಬ್ಬು ಒತ್ತುತ್ತಿತ್ತಂತೆ. ಅಂಗಡಿಯವನು ಕಿವಿಯೊಳಗೆ ತುರುಕುವ ಗುಂಡಿಯಂಥ ಇಯರ್‌ಫೋನ್ ಕೊಟ್ಟ. "ಇದು ಒಳಗ ಹೋಗಿ ಹೊರಗ ಬರ್ಲಿಲ್ಲಂದ್ರ ಜವಾಬ್ದಾರಿ ನೀ ತಗೋತಿ ಏನು?" ಅವನು ತೆಗೆದುಕೊಳ್ಳಲಿಲ್ಲ.

ಹಳಿಯಾಳದ ಅಂಗಡಿಯವರು ಸಂಗೀತ ಬಲ್ಲವರು. ಎರಡು ಬೋಗುಣಿ ಮಗುಚಿಟ್ಟಂಥ ದೊಡ್ಡ ಹೆಡ್‌ಫೋನ್ ತೆಗೆದು, "ಇದರಾಗ ಬಾಸ್ ಭಾಳ ಜಾಸ್ತಿ ಬರ್ತೈತ್ರಿ ಅಕ್ಕಾರ" ಎಂದರು.

"ಇಲ್ಲದ್ದು ಯಾಕ ಸೇರಸ್ತೀರಿ? ಹಾಲಿಗೆ ನೀರ ಹಾಕಿದಂಗ ಆತಲ್ಲ. ಇದ್ದದ್ದು ಇದ್ದಂಗ ಬರ್ಬೇಕು ನನಗ." ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, ತಲೆ ಅಲ್ಲಾಡಿಸಿದಳು. "ಊಹೂಂ. ಕೆಳಗಿನ ಧ್ವನಿ ಬರ್ತೈತಿ. ಉಸರ ಎಳಕೊಳ್ಳೂದು ಕೇಳ್ಸೂದಿಲ್ಲ."

ಅಂಗಡಿಯವರು ದಂಗಾಗಿ ಹೋದರು. ಗವಾಯಿಯ ಉಸಿರನ್ನು ಕೂಡ ಗಮನಿಸುವ ಗಿರಾಕಿ ಅವರ ಅಂಗಡಿಗೆ ಅದುವರೆಗೆ ಬಂದಿರಲಿಲ್ಲ. ಎದ್ದು ನಿಂತು ಭಕ್ತಿಯಿಂದ, "ಯಾರ ಗಾಯನರೀ? ಯಾವ ಘರಾಣಾ?" ಎಂದು ಕೇಳಿದರು.

ಕಾಕು ಕ್ಯಾಸೆಟ್ ಕರವಸ್ತ್ರದಲ್ಲಿ ಸುತ್ತುತ್ತ, "ನಮ್ಮ ಮನೀದ" ಎಂದಳು. ನನಗೂ ಆಗ ಸಂಶಯ ಶುರುವಾಯಿತು. ಭಜನೆಯಲ್ಲಿ ಉಸಿರನ್ನು ಹುಡುಕುವವರು ಯಾರು? ಕ್ಯಾಸೆಟ್ ತೆಗೆದು ಹಾಕಿ ಕೇಳೋಣವೆಂದರೆ ಆ ಚೀಲದ ದಾರಕ್ಕೆ ಎರಡು ಗಂಟು!

ಜೋಯಿಡಾ ಬಸ್‌ಸ್ಟ್ಯಾಂಡಿನಲ್ಲಿ ಗೋವಾದಿಂದ ಫಾರಿನ್ ಮಾಲು ತರುವವನೊಬ್ಬ ಸಿಕ್ಕ. ಅಪ್ಪಟ ಜಪಾನಿನದೆಂದು ಆಣೆ ಮಾಡಿದ. ಕಾಕು ಏನೂ ಮಾತಾಡದೆ ಸ್ಟಿಕರನ್ನು ಉಗುರಿನಿಂದ ಒಂದು ಸಲ ಕೆರೆದಳು. ಜಪಾನು ಅವಳ ಉಗುರಿನಡಿಗೆ ಬಂದು ಕೂತಿತು! ಅವನು ಮುಂದಿನ ಬಸ್ಸು ಎಲ್ಲಿಗೆ ಹೋಗುತ್ತದೆಂದು ಕೂಡ ನೋಡದೆ ಹತ್ತಿಕೊಂಡ.

ಕೊನೆಗೆ ಚಿಗಳ್ಳಿಯಲ್ಲಿ ನೆಂಟರ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋದವರು ಹಾಗೆಯೇ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋದೆವು. ಸ್ವೆಟರು, ಟಾರ್ಚು, ರೇಡಿಯೊ ಎಲ್ಲ ಒಂದೇ ಕಡೆ ಇಟ್ಟಿದ್ದ ಚಿಕ್ಕ ಅಂಗಡಿ. ಪಟ್ಟೆ ಪಟ್ಟೆಯ ಏಪ್ರನ್ ಕಟ್ಟಿಕೊಂಡ ವಯಸ್ಸಾದ ಅಮ್ಮ ಕೂತಿದ್ದಳು. ಕಾಕು ಮಲಗಲು ಜಾಗ ಹುಡುಕುತ್ತಿದ್ದುದನ್ನು ನೋಡಿ, "ಮಲಗಿ ಕೇಳೂದೇನ್ರಿ?" ಎಂದು ಒಳಗಿನಿಂದ ದಿಂಬು ತಂದು ಕೊಟ್ಟಳು. ಸಂಶಯಪಡಲು ಅವಕಾಶವೇ ಕೊಡದ ಈ ಅಮ್ಮನ ಮೇಲೆ ಕಾಕುವಿಗೆ ಮೊದಲು ಸಂಶಯ ಬಂತು. ದಿಂಬನ್ನು ತಿರುಗಿಸಿ ನೋಡಿಯೇ ಮಲಗಿದಳು.

ಅಮ್ಮ ಕೊಟ್ಟದ್ದು ತೆಳು ತಂತಿಯ ಪಟ್ಟಿಗೆ ಚಪ್ಪಟೆ ಸ್ಪಂಜು ಹಚ್ಚಿದ ಹಗುರವಾದ ಹೆಡ್‌ಫೋನು. ಕಾಕು ಬಲಕ್ಕೆ ಮಲಗಿದಳು, ಎಡಕ್ಕೆ ಮಲಗಿದಳು. ಒತ್ತಲಿಲ್ಲ. ಕಣ್ಣು ಮುಚ್ಚಿದಳು. ಅವಳ ಹುಬ್ಬಿನ ಗಂಟು ಸಡಿಲವಾದದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ನೋಡಿದೆ.

"ಎರಡೂ ಕಡೆ ಬರ್ತೈತಿಲ್ಲೋ ನೋಡೂಣು" ಎಂದು ಅಮ್ಮ ಹೆಡ್‌ಫೋನ್ ತೆಗೆದು ತನ್ನ ಕಿವಿಗೆ ಹಾಕಿಕೊಂಡಳು. ಕಾಕು ತಡೆಯಲು ಕೈಚಾಚಿದಳು, ಆದರೆ ತಡವಾಗಿತ್ತು. ಅಮ್ಮ ಕೇಳಿದಳು, ಇನ್ನೂ ಕೇಳಿದಳು. ಆಮೇಲೆ ಮೆಲ್ಲಗೆ, "ಯಜಮಾನ್ರೇನ್ರಿ?" ಎಂದಳು.

ಕಾಕು ಹೂಂ ಎಂದು ತಲೆಯಾಡಿಸಿದಳು.

"ಪಾಪ! ಯಾವಾಗ ತೀರಕೊಂಡ್ರು?"

"ಅಯ್ಯ, ಬಿಡ್ತು ಅನ್ರಿ! ಮನಿಯಾಗ ಅದಾರ್ರಿ! ಸುಮ್ಮನ ಮಲಕೊಂತಾರ, ಅದ ತ್ರಾಸ ಆಗೇತಿ!"

ಬಿದಿರಿನ ಲಾರಿ! ನಾನು ನಗು ತಡೆಯಲಾರದೆ ಸ್ವೆಟರುಗಳ ಹಿಂದೆ ಅಡಗಿದೆ. ಆದರೆ ಕಾಕು ನಗುತ್ತಿರಲಿಲ್ಲ. "ಆ ಸಪ್ಪಳ ಇದ್ರ ಮನಷ್ಯಾ ಅದಾನ ಅಂತ ಗೊತ್ತಾಗ್ತಿತ್ತವಾ. ಬೈಕೋತ ಬೈಕೋತ ನಿದ್ದಿ ಹತ್ತತಿತ್ತು. ನಾನ ಹೋಗಿ ಕತ್ತರಿಸಿ ಬಂದ್ನಿ" ಎಂದಳು. ಹೀಗೆಂದವಳು ಮರುಕ್ಷಣವೇ ಅಮ್ಮನ ಕಡೆ ತಿರುಗಿ, "ಮಲಗಿದಾಗ ಒಂದು ಕಿವಿ ದಿಂಬಿನ ಮ್ಯಾಲ ಇರ್ತೈತಿ. ಒಂದ ಕಿವೀ ರೊಕ್ಕ ತಗೋರಿ" ಎಂದು ಚೌಕಾಶಿಗಿಳಿದಳು!

ಅಂದಿನಿಂದ ನಮ್ಮ ಮನೆಯ ಮಧ್ಯಾಹ್ನಗಳು ಹೀಗಾದವು: ಈ ಕಡೆ ಕಾಕಾ ಸದ್ದಿಲ್ಲದೆ ಮಲಗಿರುತ್ತಿದ್ದರು, ಆ ಕಡೆ ಕಾಕು ಅದೇ ಕಾಕಾನ ಹಳೆಯ ಗೊರಕೆಯನ್ನು ಕಿವಿಗೆ ಹಚ್ಚಿಕೊಂಡು ಮಗುವಿನ ಹಾಗೆ ನಿದ್ದೆ ಹೋಗಿರುತ್ತಿದ್ದಳು. ಸಾರಿನ ಉಪ್ಪು ಸರಿಯಾಯಿತು. ಈಗ ಸಂಶಯದ ಸರದಿ ಕಾಕಾನದು.

"ನಿಮ್ಮ ಕಾಕು ಏನ ಕೇಳ್ತಾಳ?" ಎಂದು ನನ್ನನ್ನು ಹಿತ್ತಲಿಗೆ ಕರೆದು ಕೇಳಿದರು.

"ಭಜನಿ, ಕಾಕಾ."

"ಭಜನಿ ಕೇಳಿ ಯಾರರ ನಗ್ತಾರೇನು?"

ಒಂದು ಮಧ್ಯಾಹ್ನ ಅವಳು ಗಾಢ ನಿದ್ದೆಯಲ್ಲಿದ್ದಾಗ ಕಾಕಾ ಮೆಲ್ಲಗೆ ಹೆಡ್‌ಫೋನಿನ ಒಂದು ಕಡೆಯ ಸ್ಪಂಜನ್ನು ಎತ್ತಿ ತಮ್ಮ ಕಿವಿಗೆ ಹಿಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಲಾರಿ ಎಂದಾರು ಎಂದುಕೊಂಡೆ. ಬಹಳ ಹೊತ್ತು ಕೇಳಿದರು. ಸ್ಪಂಜನ್ನು ಅವಳ ಕಿವಿಯ ಮೇಲೆ ಮೊದಲಿದ್ದಂತೆಯೇ ಕೂಡಿಸಿ, ಹೊರಗೆ ಬಂದು ನನ್ನನ್ನು ಕೇಳಿದರು: "ಇಷ್ಟು ಜೋರ ಇತ್ತೇನವಾ?" ಅವರ ಮುಖ ಸಣ್ಣದಾಗಿತ್ತು.

ಆ ಸುಖವೂ ಬಹಳ ದಿನ ಉಳಿಯಲಿಲ್ಲ. ಒಂದು ದಿನ ವಾಕ್‌ಮನ್ ರೀಲನ್ನು ನುಂಗಿತು. ಕಾಕಾ ತಾವೇ ಕನ್ನಡಕ ಹಾಕಿಕೊಂಡು, ಪೆನ್ಸಿಲ್ ತೂರಿಸಿ ಸುತ್ತಿ, ಹರಿದಲ್ಲಿ ಅಂಟಿಸಿ, ಏನೇನೋ ಮಾಡಿದರು. ರೀಲು ಸುಕ್ಕುಗಟ್ಟಿ ಹಾಳಾಗಿತ್ತು. "ಭಜನೀ ಕ್ಯಾಸೆಟ್ ಇನ್ನೊಂದ ತಂದ್ರಾತು ಬಿಡ" ಎಂದರು, ಅವಳ ಮುಖ ನೋಡದೆ.

"ಅದು ಎಲ್ಲೂ ಸಿಗೂದಿಲ್ಲ" ಎಂದು ಕಾಕು ಒಳಗೆ ಹೋದಳು.

ಮತ್ತೆ ಕೆಂಪು ಕಣ್ಣು, ಮತ್ತೆ ಮೂಗಿನ ಕೆಳಗೆ ಬೆರಳು. ಇದರ ಮೇಲೆ ಕಾಕಾ ಬೇರೆ ದಿನಾ ಸಂಜೆ ಹೇಳದೆ ಕೇಳದೆ ಮಾಯವಾಗತೊಡಗಿದರು. ಕೇಳಿದರೆ ವಾಕಿಂಗ್ ಎನ್ನುತ್ತಿದ್ದರು. ಹುಟ್ಟಾ ವಾಕಿಂಗ್ ಹೋಗದ ಮನುಷ್ಯ! "ಬೆನ್ನ ಹತ್ತಿ ನೋಡಿ ಬಾರವಾ" ಎಂದು ಕಾಕು ನನ್ನನ್ನು ಅಟ್ಟಿದಳು. ಊರ ಹೊರಗಿನ ಮೌಳಂಗಿಯ ತನಕ ಹಿಂಬಾಲಿಸಿದೆ. ಕಾಕಾ ಹೊಳೆದಂಡೆಯ ಒಂದು ಬಂಡೆಯ ಮೇಲೆ ಕೂತು, ಅತ್ತಿತ್ತ ನೋಡಿ, ಕಣ್ಣು ಮುಚ್ಚಿದರು. ಬಾಯಿ ತೆರೆದರು.

"ಗುರ್‌ರ್‌ರ್... ಫೂ."

ಸರಿಹೋಗಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಶುರು ಮಾಡಿದರು. ಅರವತ್ತು ದಾಟಿದ ಮನುಷ್ಯ ಹೊಳೆದಂಡೆಯಲ್ಲಿ ಎಚ್ಚರವಾಗಿ ಕೂತು ಗೊರಕೆಯ ರಿಯಾಜ್ ಮಾಡುತ್ತಿದ್ದರು! ನಗಬೇಕೆಂದು ಬಾಯಿ ತೆರೆದವಳು ನಗದೆ, ಅವರಿಗೆ ಕಾಣದಂತೆ ಹಿಂದಿರುಗಿದೆ. ಮನೆಗೆ ಬಂದು ಕಾಕುವಿಗೆ, "ಪ್ರಾಣಾಯಾಮ ಮಾಡಾಕತ್ತಾರ" ಎಂದೆ. ಅವಳು ನನ್ನನ್ನು ಸಂಶಯದಿಂದ ನೋಡಿದಳು.

ಮುಂದಿನ ರವಿವಾರ ಊಟವಾದ ಮೇಲೆ ಇಬ್ಬರೂ ಮಲಗಿದರು. ಕಾಕುವಿನ ಕಿವಿಯಲ್ಲಿ ರೂಢಿಯಂತೆ ಹೆಡ್‌ಫೋನು, ವಾಕ್‌ಮನ್ನಿನೊಳಗೆ ಕ್ಯಾಸೆಟ್ ಇಲ್ಲ. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಆಗ ಕಾಕಾನ ಕಡೆಯಿಂದ ಶುರುವಾಯಿತು.

ಅಯ್ಯೋ, ಎಂಥ ಕೆಟ್ಟ ಗೊರಕೆ! ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಂದೇ ಸಮ. ಸೀಟಿ ಬರಬೇಕಾದಲ್ಲಿ ಕೆಮ್ಮು ಬಂತು. ಮುಗಿಯಿತು ಎಂದುಕೊಂಡೆ. ಉಗುರಿನಿಂದ ಜಪಾನನ್ನೇ ಕೆರೆದು ತೆಗೆದವಳು ಇದನ್ನು ಬಿಡುತ್ತಾಳೆಯೇ? ಇಣುಕಿ ನೋಡಿದೆ. ಕಾಕು ಒಂದು ಕಣ್ಣು ತೆರೆದು ಗಂಡನನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಹೆಡ್‌ಫೋನ್ ತೆಗೆದು ಕಿಟಕಿಯಲ್ಲಿಟ್ಟು, ಅವರ ಕಡೆ ಮಗ್ಗುಲಾಗಿ ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ನಿದ್ದೆ ಹತ್ತಿತು. ಕಾಕಾ ಮಾತ್ರ ಕಣ್ಣು ಬಿಟ್ಟುಕೊಂಡು, ಜಂತಿ ನೋಡುತ್ತ, ಗೊರಕೆ ಹೊಡೆಯುತ್ತಲೇ ಇದ್ದರು.

ಸಂಜೆ ಚಹಾ ಸೋಸುವಾಗ ಮೆಲ್ಲಗೆ ಕೇಳಿದೆ. "ಕಾಕೂ, ನಿನಗ ಗೊತ್ತಾಗ್ಲಿಲ್ಲೇನು?"

"ಗೊತ್ತಾಗ್ದ ಏನವಾ? ಶುದ್ಧ ಡುಪ್ಲಿಕೇಟ್" ಎಂದಳು. ಸೋಸುವ ಕೈ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಹೊರಗೆ ಕೂತಿದ್ದ ಕಾಕಾನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು.

"ಅವರಿಗೆ ಹೇಳಬ್ಯಾಡ. ಹೇಳಿದ್ರ ನಿಲ್ಲಿಸಿಬಿಡ್ತಾರ."