ತಂಗಿಯ ಎಡಗೈ

ನನ್ನ ತಂಗಿ ತನ್ನದೇ ಪ್ರತಿಮೆಯ ಜೊತೆ ಜಗಳವಾಡಿದವಳು. ಹೂವಿನಹಡಗಲಿಯಲ್ಲಿ ಅಂಥ ಹೆಂಗಸು ಇನ್ನೊಬ್ಬಳಿದ್ದರೆ ತೋರಿಸಿ, ಒಂದು ಮಾರು ಮಲ್ಲಿಗೆ ಕೊಡುತ್ತೇನೆ.

ಅವಳು ಎಡಗೈಯವಳು. ಬೀಗ ತೆಗೆಯುವುದಿರಲಿ, ಸೊಸೆಗೆ ಗದರುವಾಗ ಬೆರಳೆತ್ತುವುದಿರಲಿ, ಎಲ್ಲ ಎಡಗೈಯಲ್ಲೇ. ಹೂ ಕಟ್ಟಿದರೆ ಗಂಟುಗಳು ಇಡೀ ಊರಿಗೆ ವಿರುದ್ಧವಾಗಿ ತಿರುಗುತ್ತವೆ. ಅವಳು ಅರ್ಧಕ್ಕೆ ಬಿಟ್ಟ ಮಾಲೆಯನ್ನು ಬೇರೆಯವರು ಮುಂದುವರಿಸಲಾರರು. "ಚಲೋನ ಆತು, ಯಾರೂ ಕದಿಯಂಗಿಲ್ಲ" ಎನ್ನುತ್ತಾಳೆ. ಒಮ್ಮೆ ಮದುವೆಯೊಂದರಲ್ಲಿ ವರನ ಕೊರಳಿನ ಹಾರವನ್ನು ಗಂಟಿನಿಂದಲೇ ಗುರುತಿಸಿ, "ಇದನ್ನ ದೇವರಿಗೆ ಅಂತ ಒಯ್ದಿದ್ರಲ್ಲ?" ಎಂದು ಕೇಳಿಬಿಟ್ಟಳು. ಆ ಮದುವೆಮನೆಯವರು ಇಂದಿಗೂ ನಮ್ಮನ್ನು ಕಂಡರೆ ರಸ್ತೆ ದಾಟುತ್ತಾರೆ!

ಊರಿನಲ್ಲಿ ವಸ್ತುಸಂಗ್ರಹಾಲಯ ಮಾಡುವಾಗ ನಾನು ಸಮಿತಿಯಲ್ಲಿದ್ದೆ. ನಮ್ಮ ಬದುಕನ್ನು ನಾವೇ ತೋರಿಸಬೇಕೆಂದು, ಹೂ ಕಟ್ಟುವ ಹೆಂಗಸಿನ ಪ್ರತಿಮೆಗೆ ತಂಗಿಯನ್ನೇ ಕೂರಿಸಿದರು. ಶಿಲ್ಪಿ ಮೂರು ದಿನ ಅವಳ ಕೈ ನೋಡಿ ಮಣ್ಣಿನಲ್ಲಿ ಮಾದರಿ ಮಾಡಿದ. ಅವಳು ಮನೆಗೆ ಹೋದ ಮೇಲೆ ನಾನು ಹೇಳಿದೆ: "ಎಡಗೈ ಚಂದ ಕಾಣಂಗಿಲ್ಲ, ಬಲಗೈ ಮಾಡ್ರಿ."

"ಅಮ್ಮಾರನ್ನ ಕೇಳ್ಬೇಕಲ್ರಿ?"

"ನಾನು ಅಕಿ ಅಣ್ಣ ಅದೀನಿ."

ಅಷ್ಟು ಸಾಕಾಯಿತು ಅವನಿಗೆ.

ಪ್ರದರ್ಶನದ ದಿನ ಪ್ರತಿಮೆಯ ಮಡಿಲಲ್ಲಿ ತಂಗಿ ಕಟ್ಟಿದ ಮಾಲೆಯನ್ನೇ ಇಟ್ಟಿದ್ದರು. ಹೂ ಕಟ್ಟುವ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಗಂಟು ಒಂದು ಕಡೆ, ಕೈ ಇನ್ನೊಂದು ಕಡೆ! ತಂಗಿ ಪ್ರತಿಮೆಯನ್ನೇ ಕೇಳಿದಳು: "ಯವ್ವಾ, ನನ್ನ ಮಾಲಿ ನಿನ್ನ ತೊಡಿ ಮ್ಯಾಲೆ ಹೆಂಗ ಬಂತು? ಎಲ್ಲಿ, ಒಂದು ಗಂಟು ಹಾಕಿ ತೋರ್ಸು."

"ಯಾರು ಬದಲಾಯಿಸಿದ್ದು?" ಎಂದರು ಪ್ರದರ್ಶನಕ್ಕೆ ಬಂದಿದ್ದ ಅಧಿಕಾರಿ. ಶಿಲ್ಪಿ ನನ್ನ ಕಡೆ ನೋಡಿದ. ನಾನು ಫ್ಯಾನಿನ ಕಡೆ ನೋಡಿದೆ.

"ಅಣ್ಣ ನನ್ನ ಕೈಗೆ ಹೊಡದಿದ್ದು ಇದು ಎರಡನೇ ಸಲ ನೋಡ್ರಿ" ಎಂದಳು ತಂಗಿ. ಈಗ ಅವಳ ಮುಖದಲ್ಲಿ ನಗೆಯಿರಲಿಲ್ಲ.

ನಿಜ. ಅವಳು ಚಿಕ್ಕವಳಿದ್ದಾಗ ಎಡಗೈಯಲ್ಲಿ ನನಗೆ ರೊಟ್ಟಿ ಕೊಟ್ಟಳೆಂದು ಬೆರಳ ಗೆಣ್ಣಿಗೆ ಹೊಡೆದಿದ್ದೆ. ಅಂದಿನಿಂದ ನನಗೆ ಮಾತ್ರ ಏನು ಕೊಟ್ಟರೂ ಬಲಗೈಯಲ್ಲೇ ಕೊಡುತ್ತಿದ್ದಳು. ಇಷ್ಟು ವರ್ಷ ಅದನ್ನು ಮರ್ಯಾದೆ ಎಂದುಕೊಂಡು ಬೀಗಿದ್ದೆ. ಅದು ಅಂಜಿಕೆ ಎಂದು ಅಲ್ಲಿ ನಿಂತಾಗ ಹೊಳೆಯಿತು.

ಎಲ್ಲರೆದುರು ತಪ್ಪೊಪ್ಪಿಕೊಂಡೆ. ಶಿಲ್ಪಿ ಮತ್ತೆ ಬಂದ. ತಂಗಿ ಪಕ್ಕದಲ್ಲೇ ಕೂತು, "ಹೆಬ್ಬೆರಳು ಇನ್ನಷ್ಟು ಕೆಳಗ್ರಿ" ಎನ್ನುತ್ತ ಅವನ ಜೀವ ತಿಂದಳು. ಹೊಸ ಕೈ ಸಿದ್ಧವಾದಾಗ ಸುತ್ತಲೂ ತಿರುಗಿ ನೋಡಿ, "ಈಗ ನೀ ನಾ ಆದಿ" ಎಂದು ಪ್ರತಿಮೆಗೆ ಹೇಳಿದಳು. ಆಮೇಲೆ ಬುಟ್ಟಿಯಲ್ಲಿ ಉಳಿದ ಮಲ್ಲಿಗೆಯ ತುಂಡೊಂದನ್ನು ನನ್ನತ್ತ ಚಾಚಿದಳು.

"ತಗೋ ಅಣ್ಣ, ಅತ್ತಿಗೆಮ್ಮಗ ಒಯ್ಯಿ."

ಎಡಗೈಯಲ್ಲಿ. ನಾನು ಎರಡೂ ಕೈ ಒಡ್ಡಿದೆ.