ರೊಟ್ಟಿ ಬಡಿತದ ಫ್ರೆಂಚ್

ಎಲ್ಲದಕ್ಕೂ ಕಾರಣ ಉಮಾಳ ಮೂಗು. ಫ್ರೆಂಚಿನಲ್ಲಿ ಅರ್ಧ ಮಾತು ಮೂಗಿನಿಂದಲೇ ಬರಬೇಕಂತೆ. ಸುರಪುರದ ರಂಗಂಪೇಟೆಯ ಓಣಿಗೆ ಇದು ಗೊತ್ತಾಗುವುದಾದರೂ ಹೇಗೆ?

ಮಧ್ಯಾಹ್ನ ಮೂರಕ್ಕೆ ಫೋನಿನಲ್ಲೇ ಪರೀಕ್ಷೆ. ಪಾಸಾದರೆ ಯಾದಗಿರಿಯ ಪ್ರವಾಸಿ ಕಂಪನಿಯಲ್ಲಿ ಪರದೇಶದವರಿಗೆ ಊರು ತೋರಿಸುವ ನೌಕರಿ. ಬಿ.ಎ. ಮುಗಿಸಿ ಎರಡು ವರ್ಷ ಖಾಲಿ ಕೂತವಳಿಗೆ ಇದೊಂದೇ ಆಸೆ. ಮೂರು ತಿಂಗಳಿಂದ ಫೋನಿನಲ್ಲಿ ಟೀಚರಮ್ಮನ ಪಾಠ ಜೋರಾಗಿ ಹಾಕಿಕೊಂಡು, ಕ್ರಿಯಾಪದಗಳನ್ನು ತುಂಡು ತುಂಡು ಮಾಡಿ ಉರು ಹೊಡೆಯುತ್ತಿದ್ದಳು. ಅವತ್ತು ಬೆಳಿಗ್ಗೆ ಪರೀಕ್ಷೆಯ ಹುರುಪಿಗೆ ಮೂಗಿನಿಂದಲೇ ಇನ್ನಷ್ಟು ಜೋರಾಗಿ ಅದೇ: "ನೂ ಫಿ-ನಿ-ಸೋಂ..."

ಪಕ್ಕದ ಮನೆಯಲ್ಲಿ ರೊಟ್ಟಿ ಬಡಿದು ಮಾರುವ ಅಂಬವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಯವ್ವಾ, ಮೂಗು ಪೂರಾ ಕಟ್ಟ್ಯಾದಲ್ಲ! ಇವತ್ತೇ ಪರೀಕ್ಷಾ ಅಂದಿದ್ದಿ?"

"ನೆಗಡಿ ಅಲ್ಲ ಅತ್ತಿ, ಇದು ಫ್ರೆಂಚ್."

"ಏನರ ಇರಲಿ, ಕಷಾಯಕ್ಕ ಹೋಗ್ತದ."

ತಾಯಿ ತೀರಿಕೊಂಡಾಗಿನಿಂದ ಉಮಾಳ ಹೊಟ್ಟೆಗೆ ಅಂಬವ್ವನ ಹಂಚಿನ ರೊಟ್ಟಿಯೇ ಆಧಾರ. ಆ ಕೈಗೆ ಬೇಡ ಅನ್ನಲು ಮನಸ್ಸು ಬರಲಿಲ್ಲ, ಕುಡಿದಳು. ಎದುರಿನ ಕಿರಾಣಿ ಅಂಗಡಿಯ ನಬಿಸಾಬ, "ಬೇಟಿ, ಇದರಾಗ ಮೆಣಸು ಕಡಿಮಿ ಆಗ್ಯಾದ" ಎಂದು ತಾನೇ ಒಂದು ಲೋಟ ಕುದಿಸಿ ತಂದ. ಅದನ್ನೂ ಕುಡಿದಳು. ಮೂರನೆಯ ಲೋಟದ ಮೆಣಸು ಗಂಟಲಿಗೆ ಇಳಿದ ಮೇಲೆ "ಸಾಕು" ಅನ್ನಲು ಬಾಯಿ ತೆರೆದರೆ, ಪಂಕ್ಚರಾದ ಸೈಕಲ್ಲಿನಂತೆ ಬರೀ ಗಾಳಿ ಬಂತು.

ಸರಿಯಾಗಿ ಮೂರಕ್ಕೆ ಫೋನು ಹೊಡೆದುಕೊಂಡಿತು. ಉಮಾ ಕಣ್ಣೀರು ಒರೆಸಿಕೊಂಡು ಸ್ಪೀಕರ್ ಹಾಕಿದಳು.

"ಫಿನೀರ್, ಅಂದರೆ ಮುಗಿಸು. ಬಹುವಚನದ ರೂಪಗಳನ್ನ ಬಿಡಿಸಿ ಹೇಳಿ," ಅಂದರು ಕಂಪನಿಯ ಮೇಡಂ.

"ಸ್ಸ್ಸ್..."

"ಹಲೋ? ಏನೂ ಕೇಳಿಸ್ತಿಲ್ಲ. ಇಡಲಾ?"

"ಇಡಬ್ಯಾಡ್ರೀ ಅಕ್ಕೋರ!" ಅಂಬವ್ವ ಫೋನಿಗೆ ಬಾಯಿ ಹಚ್ಚಿದಳು. ಒಂದೊಂದು ತುಂಡಿಗೂ ಅಂಗೈಯ ಮೇಲೆ ಒಂದೊಂದು ಬಡಿತ: "ನೂ ಫಿ-ನಿ-ಸೋಂ. ವೂ ಫಿ-ನಿ-ಸೆ. ಈಲ್ ಫಿ-ನಿಸ್!"

ಉಮಾ ಬೆಪ್ಪಾಗಿ ನಿಂತಳು. ಆ ಕೊನೆಯದನ್ನು ಅವಳು ಪುಸ್ತಕ ನೋಡಿ ದಿನಾ "ಫಿನಿಸೆಂಟ್" ಎಂದೇ ಓದುತ್ತಿದ್ದಳು.

"ಭೇಷ್ ಉಮಾ! ನೌಕರಿ ನಿಮ್ಮದೇ."

ಉಮಾ ಎರಡೂ ಕೈ ಎತ್ತಿ ಅಂಬವ್ವನಿಗೆ ಮುಗಿದಳು.

"ಉಮಾ ಅಲ್ರೀ, ನಾ ಅಂಬವ್ವ. ಸುಳ್ಳು ಯಾಕ ಹೇಳ್ಲಿ? ಗೋಡಿ ಆಚಿಗಿ ಕುಂತು ಇದೇ ತಾಳಕ್ಕ ದಿನಾ ನೂರು ರೊಟ್ಟಿ ಬಡದೀನಿ. ಫೋನಿನಾಗಿನ ಅಕ್ಕೋರು ಛಲೋ ಹೇಳತಿದ್ರು, ಆಮ್ಯಾಲ ಉಮವ್ವ ಕೆಡಸತಿದ್ಲು."

ಮೇಡಂ ಜೋರಾಗಿ ನಕ್ಕರು. "ನಮ್ಮ ಅತಿಥಿಗಳಿಗೆ ಬೇಕಾದವರು ನೀವೇ ಅಂಬವ್ವ. ನಾಳೆ ಬಂದುಬಿಡಿ."

ಅಂಬವ್ವ ಉಮಾಳನ್ನು ಬಾಚಿ ತಬ್ಬಿಕೊಂಡಳು. "ನೀ ಇಲ್ಲಂದ್ರ ನಾ ಎಲ್ಲಿ ಕಲೀತಿದ್ದೆ? ನಿನ್ನ ಉಪಕಾರ ಮರಿಯಾಂಗಿಲ್ಲ ಯವ್ವಾ. ನನ್ನ ಹಂಚು, ಹಿಟ್ಟು, ಗಿರಾಕಿ ಎಲ್ಲಾ ನಿನಗ ಕೊಟ್ಟೀನಿ. ನಾಳಿಂದ ಆ ನೂರು ರೊಟ್ಟಿ ನೀನೇ ಬಡಿ!"

ಉಮಾಳಿಗೆ ಅಳುವೂ ಬಂತು, ಆ ಹಿಟ್ಟಿನ ಕೈಯ ಮೇಲೆ ಅಷ್ಟೇ ಪ್ರೀತಿಯೂ ಬಂತು. ಬೇಡ ಅನ್ನಲು ಬಾಯಿ ತೆರೆದಳು. "ಸ್ಸ್ಸ್..."

"ನೋಡ್ರಿ ನಬಿಸಾಬಣ್ಣ, ಖುಷಿಗಿ ಹುಡುಗಿ ಬಾಯಿಂದ ಮಾತೇ ಬರವಲ್ದು!"

ನಬಿಸಾಬ ಆಗಲೇ ನಾಲ್ಕನೆಯ ಲೋಟ ಕುದಿಸಲು ಹೋಗಿದ್ದ.