ಹಿಮದಿಂದ ತಲೆ ಹೊರಗಿಟ್ಟ ಶಿಖರಕ್ಕೆ ದರ್ಜಿಯೊಬ್ಬನ ದೂರು

ಇವರಿಗೆ,
ಶ್ರೀ ಕಲ್ಲುಶಿಖರದವರು,
ಹಿಮನದಿಯ ನಟ್ಟನಡುವೆ.

ಮಾನ್ಯರೇ,

ತಮ್ಮ ಸನ್ನಿಧಾನಕ್ಕೆ ಈ ದರ್ಜಿಯ ನಮಸ್ಕಾರಗಳು. ಹಿಮದಲ್ಲಿ ಕತ್ತಿನವರೆಗೆ ಮುಳುಗಿಯೂ ತಲೆಯನ್ನು ಮಾತ್ರ ಹೊರಗಿಟ್ಟು, ಸಾವಿರಾರು ವರ್ಷಗಳಿಂದ ಒಮ್ಮೆಯೂ ಸೀನದೆ ನಿಂತಿರುವ ತಮ್ಮ ಆರೋಗ್ಯವನ್ನು ವಿಚಾರಿಸುವುದು ಅಧಿಕಪ್ರಸಂಗವಾದೀತು. ನಾವು ಇಲ್ಲಿ ಕ್ಷೇಮ. ನಾವು ಎಂದರೆ ನಾನು, ನನ್ನ ಅತ್ತೆ ಮತ್ತು ಈಗಷ್ಟೇ ಒಂಬತ್ತು ತುಂಬಿದ ಮಗಳು. ನನ್ನ ಹೆಂಡತಿಯ ಕ್ಷೇಮ ನನಗಿಂತ ತಮಗೇ ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ಆಕೆ ಭೂವಿಜ್ಞಾನಿ, ಮತ್ತು ಬೇಸಿಗೆ ಬಂದರೆ ಆಕೆಯ ಡೇರೆ ತಮ್ಮ ಭುಜದ ಮೇಲೆಯೇ.

ತಾವು ಸಾಮಾನ್ಯರಲ್ಲವೆಂದು ಆಕೆಯೇ ನನಗೆ ತಿಳಿಸಿಕೊಟ್ಟಿದ್ದಾಳೆ. ಆಕಾಶದಿಂದ ಸದಾ ಸುರಿಯುವ, ಕಣ್ಣಿಗೆ ಕಾಣದ ಕಣಗಳು ಬರಿಮೈ ಕಲ್ಲಿಗೆ ಬಡಿದು ಗುರುತು ಬಿಡುತ್ತವಂತೆ. ದಪ್ಪ ಹಿಮ ಹೊದ್ದ ಕಲ್ಲಿಗೆ ಆ ಪೆಟ್ಟು ತಾಗುವುದಿಲ್ಲವಂತೆ. ಹಾಗಾಗಿ ತಮ್ಮ ಮೈಯ ಚೂರು ಸಿಕ್ಕರೆ ಹಿಮ ಯಾವ ಕಾಲಕ್ಕೆ ತಮ್ಮ ಯಾವ ಎತ್ತರದವರೆಗಿತ್ತು, ಎಷ್ಟು ಬೇಗ ಇಳಿಯಿತು ಎಂದು ತಿಳಿಯಬಹುದಂತೆ, ಅದರಿಂದ ಮುಂದೆ ಸಮುದ್ರ ಎಷ್ಟು ಏರೀತೆಂದು ಅಂದಾಜು ಮಾಡಬಹುದಂತೆ. ನನ್ನ ಅಂಗಡಿಯಿರುವುದು ಬಂದರು ಬೀದಿಯ ತಗ್ಗಿನಲ್ಲಿ; ದೊಡ್ಡ ಅಲೆಯ ದಿನ ಹೊಲಿಗೆ ಯಂತ್ರವನ್ನು ಮೇಜಿನ ಮೇಲೆ ಎತ್ತಿಡುವ ನಾನು ತಮ್ಮ ಮಹತ್ವವನ್ನು ಅಲ್ಲಗಳೆಯುವಷ್ಟು ಕೃತಘ್ನನಲ್ಲ. ತಾವು ವರ್ಷ ವರ್ಷ ಎತ್ತರವಾಗುತ್ತಿರುವುದಕ್ಕೆ ಅಭಿನಂದಿಸಲು ಹೊರಟಿದ್ದೆ. "ಅದು ಬೆಳೀತಿಲ್ಲ, ಸುತ್ತ ಇರೋ ಹಿಮ ತಗ್ತಾ ಇದೆ ಅಷ್ಟೇ" ಎಂದು ಹೆಂಡತಿ ತಿದ್ದಿದಳು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ತಮ್ಮ ಅಂಗಿ ಭುಜದಿಂದ ಜಾರುತ್ತಿದೆ.

ನನ್ನ ದೂರು ಸಣ್ಣದು. ಹುಟ್ಟುಹಬ್ಬದ ದಿನ ಮಗಳನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಅವಳಮ್ಮ ಗೆರೆ ಎಳೆಯುವುದು ನಮ್ಮ ಮನೆಯ ಪದ್ಧತಿ. ಆ ದಿನ ತಮ್ಮ ಕಡೆಯ ಬೇಸಿಗೆಯಲ್ಲೇ ಬರುವುದರಿಂದ, ಆಕೆ ತಮ್ಮಲ್ಲಿಗೆ ಬರತೊಡಗಿದ ಮೇಲೆ ಗೆರೆ ಬಿದ್ದಿಲ್ಲ; ಆರನೆಯ ವರ್ಷದ ಗೆರೆಯೇ ಇದುವರೆಗಿನ ಕೊನೆಯ ಗೆರೆ. ಊರವರ ಅಳತೆಯನ್ನೆಲ್ಲ ತೆಗೆಯುವ ನಾನು ಟೇಪು ಹಿಡಿದು ಹೋದರೆ, "ನೀನು ಅಳೆಯೋದು ಬಟ್ಟೆಗೆ, ಅಮ್ಮ ಅಳೆದ್ರೇನೇ ನಾನು ಬೆಳೆದಿರೋದು" ಎಂದು ಓಡಿಹೋಗುತ್ತಾಳೆ.

ಕಳೆದ ಸಲ ಬಂದಾಗ ಹೆಂಡತಿ, ಇದೇ ಕೊನೆಯ ಕಲ್ಲು, ಮುಂದಿನ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಇರುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಳು. ಕಲ್ಲನ್ನು ಕೀಳುವ ಮೊದಲು, ಆಕಾಶದ ಪೆಟ್ಟು ತಿಂದ ಮುಖ ಯಾವುದೆಂದು ಕೆಂಪು ಬಣ್ಣದಲ್ಲಿ ಬಾಣ ಬರೆಯುವುದು ಅವರ ಕ್ರಮ. ಹಡಗು ತಡವಾಗಿ ಬಂದು ಪ್ರಯೋಗಾಲಯ ಮುಚ್ಚಿದ್ದರಿಂದ ತಮ್ಮ ನೆತ್ತಿಯ ಆ ಕಲ್ಲು ನಮ್ಮ ಮನೆಯಲ್ಲೇ ತಂಗಿತು. ಅತಿಥಿ ಸತ್ಕಾರದಲ್ಲಿ ಎತ್ತಿದ ಕೈಯಾದ ನನ್ನ ಅತ್ತೆಯವರು "ಅಷ್ಟು ದೂರದಿಂದ ಬಂದಿದೆ, ಮೈಗೆಲ್ಲ ಬಣ್ಣ ಮೆತ್ಕೊಂಡಿದೆ, ಪಾಪ" ಎಂದು ಬಿಸಿನೀರು, ಸೋಪು, ತಂತಿಬ್ರಷ್ಷು ಹಾಕಿ ತಿಕ್ಕಿ, ಒರೆಸಿ, ಬಿಸಿಲಿಗಿಟ್ಟರು. ಈಗ ಅದರ ಎಲ್ಲ ಮುಖಗಳೂ ಒಂದೇ ಸಮನೆ ಮುಗ್ಧವಾಗಿವೆ. ಹೆಂಡತಿ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಮುಖವನ್ನು ತಿರುಗಿಸಿ ನೋಡಿದಳು, ಆಮೇಲೆ ಎದ್ದು ಬೂಟಿಗೆ ಎಣ್ಣೆ ಹಚ್ಚತೊಡಗಿದಳು. ಇನ್ನೊಂದು ಕಲ್ಲಿಗಾಗಿ ಈ ಬೇಸಿಗೆಯೂ ಆಕೆ ತಮ್ಮಲ್ಲೇ ಇದ್ದಾಳೆ.

ಆದ್ದರಿಂದ, ಮುಂದಿನ ವರ್ಷದಿಂದ ತಾವೇ ಇತ್ತ ದಯಮಾಡಿಸಬೇಕೆಂದು ಕೋರುತ್ತೇನೆ. ಅಂಗಡಿಯ ಎದುರು ಗಾಡಿ ನಿಲ್ಲಿಸುವ ಜಾಗವಿದೆ, ಸ್ನಾನಕ್ಕೆ ಅತ್ತೆಯವರು ನೀರು ಕಾಯಿಸುತ್ತಾರೆ. ಅದಾಗದಿದ್ದರೆ ಜಾರುತ್ತಿರುವ ಹಿಮವನ್ನು ಕತ್ತಿನವರೆಗೆ ಎಳೆದುಕೊಳ್ಳಿ. ಗುಂಡಿ ನಾನೇ ಹಚ್ಚಿಕೊಡುತ್ತೇನೆ. ಅದೂ ಆಗದಿದ್ದರೆ, ಗಾಳಿ ಎದ್ದಾಗ ಆಕೆಯ ಡೇರೆಯ ಕಡೆ ಒಂದಿಷ್ಟು ವಾಲಿ ನಿಲ್ಲಿ. ಇದೊಂದನ್ನು ನಾನು ತಮಾಷೆಗೆ ಕೇಳುತ್ತಿಲ್ಲ. ಹಿಂದೊಮ್ಮೆ ಡೇರೆ ಹಾರಿಹೋದ ಸುದ್ದಿ ಬಂದಾಗ, ರೇಡಿಯೋದಲ್ಲಿ ಆಕೆಯ ದನಿ ಕೇಳುವವರೆಗೆ ನಾನು ಗಿರಾಕಿಯೊಬ್ಬರ ಕೋಟಿಗೆ ಎರಡೂ ಎಡತೋಳುಗಳನ್ನೇ ಹೊಲಿದು ಕೂತಿದ್ದೆ. ದೂರದ ಬೆಟ್ಟ ನುಣ್ಣಗೆ ಎಂದವರು ಹೆಂಡತಿಯನ್ನು ಬೆಟ್ಟಕ್ಕೆ ಕಳಿಸಿ ಮನೆಯಲ್ಲಿ ಕೂತವರಲ್ಲ.

ಬೇರೆ ದಾರಿಯಿಲ್ಲದೆ ತಮ್ಮನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಬಂದರು ಬೀದಿಯ ದರ್ಜಿ

ತಾ.ಕ.: ನಿನ್ನೆಯೇ ಹುಟ್ಟುಹಬ್ಬ. ಅಮ್ಮನ ಡಬ್ಬಿಯಲ್ಲಿ ಉಳಿದಿದ್ದ ಕೆಂಪು ಬಣ್ಣದಿಂದ ಮಗಳು ತನ್ನ ಹಣೆಯ ಮೇಲೆ ಆಕಾಶದ ಕಡೆಗೆ ಬಾಣ ಬರೆದುಕೊಂಡು ಚೌಕಟ್ಟಿಗೆ ಒರಗಿ ನಿಂತಿದ್ದಳು. ತೊಳೆಯಲು ಹೋದ ಅಜ್ಜಿಯನ್ನು ಹತ್ತಿರ ಸೇರಿಸಲಿಲ್ಲ. ಟೇಪು ಮುಟ್ಟದೆ, ಕಣ್ಣಳತೆಯಲ್ಲೇ ಹೇಳುತ್ತೇನೆ, ಹಳೆಯ ಗೆರೆಗಿಂತ ಹೆಚ್ಚುಕಡಿಮೆ ಒಂದು ಗೇಣು ಮೇಲಿದ್ದಾಳೆ. ತಮ್ಮ ವಿಷಯದಲ್ಲಿ ಆದಂತೆ ತಪ್ಪಾಗಬಾರದೆಂದು ಅಡುಗೆಮನೆಯ ನೆಲವನ್ನು ಎರಡೆರಡು ಸಲ ನೋಡಿದೆ. ಅದು ಎಲ್ಲೂ ತಗ್ಗಿಲ್ಲ.